ನನ್ನ ಮೂಗಿನಿಂದ ಸುರಿದ ಚಹಾ

ದೇವರು ಮನುಷ್ಯನಿಗೆ ಮಾಡಿದ ದೊಡ್ಡ ಉಪಕಾರವೆಂದರೆ, ನಾವು ಮಲಗಿದಾಗ ನಮ್ಮ ಮುಖ ನಮಗೆ ಕಾಣಿಸದ ಹಾಗೆ ಮಾಡಿದ್ದು. ಎಚ್ಚರವಿದ್ದಾಗ ಕನ್ನಡಿಯೆದುರು ಹೊಟ್ಟೆ ಒಳಗೆಳೆದು, ಹುಬ್ಬು ತುಸು ಮೇಲೇರಿಸಿ ನಿಂತರೆ ಯಾರಾದರೂ ಒಂದು ಮಟ್ಟಕ್ಕೆ ಸಭ್ಯರಾಗಿಯೇ ಕಾಣುತ್ತಾರೆ. ನಿದ್ದೆಯಲ್ಲಿ ಮಾತ್ರ ಯಾರ ಆಟವೂ ನಡೆಯುವುದಿಲ್ಲ. ಅದನ್ನು ನೋಡಬೇಕಾದವರು ಹೆಂಡತಿಯರು, ಅವರು ಪಾಪ ನೋಡಿ ಸುಮ್ಮನಿರುತ್ತಾರೆ ಎಂಬ ಭರವಸೆಯ ಮೇಲೆಯೇ ಸಂಸಾರಗಳೆಲ್ಲ ನಡೆಯುತ್ತಿವೆ. ಎಂಬತ್ತರ ದಶಕದ ಕೊನೆಯಲ್ಲಿ, ಮಸ್ಕತ್ತಿನ ರೂವಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನನ್ನ ಈ ಭರವಸೆ ಒಂದು ಚಹಾದ ಕೆಟಲ್‌ನಿಂದಾಗಿ ಮುರಿದುಬಿತ್ತು.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ವಾದಿ ಕಬೀರ್‌ನ ಗ್ಯಾರೇಜುಗಳ ನಡುವೆ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನ ಹಿಂದೆ ನಿಂತಿರುತ್ತಿದ್ದವನು ನಾನು. ಬೆಳಗ್ಗೆ ಒಂದು ಪಾಳಿ, ಸಂಜೆ ಇನ್ನೊಂದು. ಕ್ಲಚ್ ಪ್ಲೇಟು ಕೇಳಿಕೊಂಡು ಬಂದವರಿಗೆ ಕ್ಲಚ್ ಪ್ಲೇಟು ಕೊಡುವುದರಲ್ಲಿ ಅಂಥ ಘನತೆಯೇನೂ ಇಲ್ಲ. ಆದ್ದರಿಂದ ನನ್ನ ಘನತೆಯನ್ನೆಲ್ಲ ನಾನು ನಮ್ಮ ಊರವರ ಕನ್ನಡ ಕೂಟದಲ್ಲಿ ಇಟ್ಟುಕೊಂಡಿದ್ದೆ. ಅಲ್ಲಿ ನಾನು ಕಾರ್ಯದರ್ಶಿ. ದೀಪಾವಳಿ ಕಾರ್ಯಕ್ರಮದಲ್ಲಿ ಟೈ ಕಟ್ಟಿ ವಂದನಾರ್ಪಣೆ ಮಾಡಿದರೆ ಕೊನೆಯ ಸಾಲಿನ ಮಕ್ಕಳೂ ಗಲಾಟೆ ನಿಲ್ಲಿಸುತ್ತಿದ್ದರು. ಊಟಕ್ಕೆ ಎಲೆ ಹಾಕಿದ್ದಾರೆಂದು ನಿಲ್ಲಿಸುತ್ತಿದ್ದರು ಎಂದು ನನ್ನ ಹೆಂಡತಿ ವಾರಿಜಾ ಹೇಳುತ್ತಾಳೆ. ಅವಳ ಮಾತನ್ನು ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಈ ವಾರಿಜಾ ಕಾಪುವಿನ ತುಂಬಿದ ಮನೆಯಲ್ಲಿ ಬೆಳೆದವಳು. ಅವಳು ನಕ್ಕರೆ ಬಾವಿಕಟ್ಟೆಯಲ್ಲಿ ನಿಂತವರಿಗೂ ಕೇಳಿಸುತ್ತಿತ್ತಂತೆ. ಮಸ್ಕತ್ತಿಗೆ ಬಂದ ಮೇಲೆ ಆ ನಗು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಮಗಳು ಶಾಲೆಗೆ, ನಾನು ಅಂಗಡಿಗೆ, ಅವಳು ನಾಲ್ಕು ಗೋಡೆಯ ನಡುವೆ. ಮಧ್ಯಾಹ್ನ ಊಟಕ್ಕೆ ಬಂದರೆ ಎದುರಿನ ಕಟ್ಟಡದ ಮೂರನೆಯ ಮಹಡಿಯಲ್ಲಿ ಇವತ್ತು ಯಾವ ಬಣ್ಣದ ಬೆಡ್‌ಶೀಟ್ ಒಣಗಿಸಿದ್ದಾರೆ ಎಂದು ಹೇಳುತ್ತಿದ್ದಳು. ಅವಳಿಗೆ ಹೇಳಲು ಬೇರೆ ಸುದ್ದಿಯೇ ಇರುತ್ತಿರಲಿಲ್ಲ. ನನಗೆ ಒಳಗೊಳಗೇ ಸಂಕಟವಾಗುತ್ತಿತ್ತು. ಹಾಗಾಗಿ ಮಹಿಳಾ ಕ್ಲಬ್ಬಿನಲ್ಲಿ ಜೂಡಿ ಎಂಬ ಅಮೆರಿಕದ ಹೆಂಗಸು ಮಣ್ಣಿನ ಕೆಲಸ ಕಲಿಸುತ್ತಾಳಂತೆ ಎಂದು ಗೊತ್ತಾದಾಗ ವಾರಿಜಾಳನ್ನು ನಾನೇ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಸೇರಿಸಿ ಬಂದೆ. ಹೂದಾನಿ ಮಾಡುತ್ತಾಳೆ, ಹಣತೆ ಮಾಡುತ್ತಾಳೆ, ದೀಪಾವಳಿಗೆ ಕೂಟದ ವೇದಿಕೆಯ ಮೇಲೆ ಇಡಬಹುದು ಎಂಬ ಲೆಕ್ಕಾಚಾರವೂ ಇತ್ತೆನ್ನಿ.

ಆದರೆ ಜೂಡಿ ಹೂದಾನಿಯ ಪಂಗಡದವಳಲ್ಲ. ಅವಳು ಕ್ಯಾಲಿಫೋರ್ನಿಯಾದವಳು. ಅಲ್ಲಿ ಅವಳು ಕಾಲೇಜಿನಲ್ಲಿದ್ದ ಕಾಲಕ್ಕೆ ಫಂಕ್ ಆರ್ಟ್ ಎಂಬ ಒಂದು ಗಾಳಿ ಬೀಸಿತ್ತಂತೆ. ದೊಡ್ಡ ದೊಡ್ಡ ಕಲಾವಿದರು ಗಂಭೀರ ಮುಖ ಮಾಡಿಕೊಂಡು, ಯಾರಿಗೂ ಅರ್ಥವಾಗದ ಚಿತ್ರ ಬರೆದು, ದೇವಸ್ಥಾನದಂಥ ಗ್ಯಾಲರಿಗಳಲ್ಲಿ ತೂಗುಹಾಕುತ್ತಿದ್ದುದನ್ನು ನೋಡಿ ಅಲ್ಲಿನ ಹುಡುಗ ಹುಡುಗಿಯರಿಗೆ ರೇಗಿಹೋಯಿತು. ಅವರು ಮಣ್ಣಿನಲ್ಲಿ ಹಳೆ ಚಪ್ಪಲಿ, ಕಕ್ಕಸಿನ ಕಮೋಡು, ಹಲ್ಲುಸೆಟ್ಟು ಮಾಡಿ, ಕಣ್ಣು ಕುಕ್ಕುವ ಬಣ್ಣ ಬಳಿದು, ತಗೊಳ್ಳಿ ಇದೇ ಕಲೆ ಎಂದು ಎದುರಿಗಿಟ್ಟರು. ಮನೆಯ ಕಸದ ಬುಟ್ಟಿಯೇ ಅವರ ಭಂಡಾರ. ಚಂದ ಕಾಣಬೇಕೆಂಬ ಹಟವಿಲ್ಲ, ನೋಡಿದವರಿಗೆ ನಗು ಬಂದರೆ ಸಾಕು, ಸ್ವಲ್ಪ ಮುಜುಗರವಾದರೆ ಇನ್ನೂ ಒಳ್ಳೆಯದು. ಇದಿಷ್ಟನ್ನೂ ವಾರಿಜಾ ಬಂಗುಡೆ ಹುರಿಯುತ್ತ ನನಗೆ ವಿವರಿಸಿದಳು. ನಾನು ಗಮನ ಕೊಡಬೇಕಾಗಿದ್ದ ಮಾತು ಮುಜುಗರದ್ದು. ನಾನು ಬಂಗುಡೆಗೆ ಗಮನ ಕೊಟ್ಟೆ.

ಸ್ವಲ್ಪ ದಿನಗಳಲ್ಲೇ ಮನೆ ತುಂಬತೊಡಗಿತು. ಮೊದಲು ಬಂದದ್ದು ಹಲ್ಲು ಕಿರಿಯುವ ಹವಾಯಿ ಚಪ್ಪಲಿ. ಆಮೇಲೆ ನಾಲಿಗೆ ಚಾಚಿದ ಟೆಲಿಫೋನು, ಕಾಲು ಮೂಡಿದ ಬನ್ಸು. ಬೊಜ್ಜು ಬಂದ ಒಂದು ಸೂಟ್‌ಕೇಸಂತೂ ರಜೆಯಲ್ಲಿ ಊರಿಗೆ ಹೊರಟ ನಮ್ಮವರ ಹಾಗೆಯೇ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಏದುಸಿರು ಬಿಡುತ್ತಿತ್ತು. ಮಗಳು ಶ್ರುತಿ ಪ್ರತಿಯೊಂದಕ್ಕೂ "ಸೋ ಕ್ಯೂಟ್" ಎನ್ನುತ್ತಿದ್ದಳು. ಕೂಟದ ಅಧ್ಯಕ್ಷರಾದ ಶೇಖರಣ್ಣ ಒಂದು ಸಂಜೆ ಮನೆಗೆ ಬಂದವರು ಚಪ್ಪಲಿಯ ಹಲ್ಲುಗಳನ್ನು ಬಹಳ ಹೊತ್ತು ನೋಡಿ, ವಾರಿಜಾಳ ಆರೋಗ್ಯ ಹೇಗಿದೆ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಅಡುಗೆಮನೆಯಿಂದ ನಗು ಕೇಳಿಸಿತು. ಬಾವಿಕಟ್ಟೆಯವರೆಗೆ ಹೋಗುತ್ತಿದ್ದ ಅದೇ ನಗು.

ಇನ್ನು ಶುಕ್ರವಾರದ ವಿಷಯ. ಗಲ್ಫಿನಲ್ಲಿ ದುಡಿಯುವವನಿಗೆ ಶುಕ್ರವಾರದ ಮಧ್ಯಾಹ್ನದ ನಿದ್ದೆ ಒಂದು ವ್ರತ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಆಮೇಲೆ ಕಿಟಕಿ ಏಸಿಯ ಗುರುಗುರು ಸದ್ದಿನಲ್ಲಿ ಅಂಗಾತ ಬಿದ್ದುಕೊಂಡರೆ ಆರು ದಿನದ ದಣಿವು ಬಾಯಿ ತೆರೆದುಕೊಂಡು ಹೊರಗೆ ಹೋಗುತ್ತದೆ. ಆ ಹೊತ್ತಿನಲ್ಲಿ ವಾರಿಜಾ ಪಕ್ಕದಲ್ಲಿ ಕೂತು ಏನೋ ತಟ್ಟುತ್ತಿರುತ್ತಾಳೆಂದು ನನಗೆ ಅರೆನಿದ್ದೆಯಲ್ಲಿ ಗೊತ್ತಾಗುತ್ತಿತ್ತು. ರೊಟ್ಟಿ ಇರಬೇಕೆಂದುಕೊಂಡಿದ್ದೆ.

ಒಂದು ದಿನ ಜೂಡಿಯ ಭಟ್ಟಿಯಲ್ಲಿ ಸುಟ್ಟು ಬಂದ ಆ ರೊಟ್ಟಿ ನಮ್ಮ ಊಟದ ಮೇಜಿನ ಮೇಲೆ ಕೂತಿತ್ತು. ಅದೊಂದು ತಲೆ. ನೆತ್ತಿಯ ಬೋಳು ಭಾಗವೇ ಮುಚ್ಚಳ. ಎಡಗಿವಿ ಹಿಗ್ಗಿ ಹಿಡಿಕೆಯಾಗಿದೆ. ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ, ಕೆನ್ನೆಗೆ ಗುಲಾಬಿ ಬಣ್ಣ. ಮೂಗು ಮಾತ್ರ ಕೆಟಲ್‌ನ ಕೊಕ್ಕಾಗಿ ಉದ್ದಕ್ಕೆ ಚಾಚಿಕೊಂಡಿದೆ. ವಾರಿಜಾ ಮುಚ್ಚಳ ತೆಗೆದು ಚಹಾ ಹಾಕಿ ಬಗ್ಗಿಸಿದಳು. ನನ್ನ ಮೂಗಿನಿಂದ ನನ್ನ ಲೋಟಕ್ಕೆ ಏಲಕ್ಕಿ ಚಹಾ ಸುರಿಯಿತು. ಇದನ್ನು ಕ್ಲಬ್ಬಿನ ಪ್ರದರ್ಶನಕ್ಕೆ ಆರಿಸಿದ್ದಾರೆ, ಮಧ್ಯದ ಮೇಜಿನ ಮೇಲೆ ಇಡುತ್ತಾರಂತೆ ಎಂದಳು.

ನನಗೆ ಚಹಾ ನೆತ್ತಿಗೇರಿತು. ಪ್ರದರ್ಶನಕ್ಕೆ ನಮ್ಮ ಕೂಟದವರೆಲ್ಲ ಬರುತ್ತಾರೆ. ಆಮೇಲೆ ನಾನು ಯಾವ ಮುಖ ಹೊತ್ತು ವಂದನಾರ್ಪಣೆ ಮಾಡಲಿ? ಕಡೇ ಪಕ್ಷ ಮೂಗನ್ನಾದರೂ ಬದಲಿಸು ಮಾರಾಯ್ತಿ ಎಂದು ಗೋಗರೆದೆ. ಸುಟ್ಟ ಮಡಕೆಗೆ ಮೂಗು ಬದಲಿಸುವುದು ಹೇಗೆಂದು ಅವಳು ಕೇಳಿದಳು. ಕೊನೆಗೆ ನಾನು ಸ್ವರ ಏರಿಸಿ, ಅದನ್ನು ಕಳಿಸುವುದು ಬೇಡ, ಖಲಾಸ್ ಎಂದೆ. ಅವಳು ಕೆಟಲ್ ತೊಳೆದು, ಒರೆಸಿ, ಹಳೆ ಸೀರೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಳು.

ಮರುದಿನ ಮಧ್ಯಾಹ್ನ ಊಟಕ್ಕೆ ಬಂದೆ. ಬಡಿಸುತ್ತ ಅವಳು, "ಎದುರಿನವರು ಇವತ್ತು ನೀಲಿ ಬೆಡ್‌ಶೀಟ್ ಹಾಕಿದ್ದಾರೆ" ಎಂದಳು.

ನಾನು ಅರ್ಧ ಊಟದಲ್ಲೇ ಕೈ ತೊಳೆದೆ. ಒಂದು ಮೂಗು ಹೆಚ್ಚೋ ಈ ಮನೆಯ ನಗು ಹೆಚ್ಚೋ ಎಂದು ಕೇಳಿಕೊಂಡರೆ ಉತ್ತರಕ್ಕೆ ಕಾರ್ಯಕಾರಿ ಸಮಿತಿಯ ಸಭೆ ಕರೆಯಬೇಕಾಗಿರಲಿಲ್ಲ. ಅವಳನ್ನು ನಾನು ಬಹಳ ಪ್ರೀತಿಸುತ್ತೇನೆ, ಆದರೆ ನಮ್ಮ ಕಡೆ ಅದನ್ನು ಹಾಗೆ ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಕುರ್ಚಿ ಹತ್ತಿ ಕೆಟಲ್ ಇಳಿಸಿ, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಕಟ್ಟಿ, ನಾನೇ ಕ್ಲಬ್ಬಿಗೆ ಮುಟ್ಟಿಸಿ ಬಂದೆ.

ಪ್ರದರ್ಶನದ ದಿನ ಕ್ಲಬ್ಬಿನ ಸಭಾಂಗಣದ ಕಂಬದ ಹಿಂದೆ ನಿಂತೆ. ಮೊದಲು ಬಂದವರು ಶೇಖರಣ್ಣನ ಹೆಂಡತಿ ಲಲಿತಕ್ಕ. ಕೆಟಲ್ ನೋಡಿದ್ದೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಕಂಬಕ್ಕೆ ಇನ್ನಷ್ಟು ಅಂಟಿಕೊಂಡೆ.

"ಇದು ನಮ್ಮವರೇ ಅಲ್ವಾ ವಾರಿಜಾ? ಶುಕ್ರವಾರ ಊಟ ಮಾಡಿ ಬಿದ್ರೆ ಹೀಗೇ. ನೀನು ಯಾವಾಗ ನೋಡಿದ್ದು ಮಾರಾಯ್ತಿ?"

ಶೇಖರಣ್ಣ ಪಕ್ಕದಲ್ಲೇ ಇದ್ದರು. ಅವರ ಮುಖ ಕೆಂಪಾಗಿ ಹೋಯಿತು. ಅಷ್ಟರಲ್ಲಿ ಮೈಸೂರಿನ ಇಂಜಿನಿಯರರ ಹೆಂಡತಿ ಬಂದು, ಇಲ್ಲ, ಇದು ನಮ್ಮ ಯಜಮಾನರು ಎಂದರು. ಒಬ್ಬ ಇಂಗ್ಲಿಷ್ ಹೆಂಗಸು ತನ್ನ ಗಂಡನನ್ನು ತೋಳು ಹಿಡಿದು ಎಳೆತಂದು ಕೆಟಲ್‌ನ ಪಕ್ಕ ನಿಲ್ಲಿಸಿ ಫೋಟೋ ತೆಗೆದಳು. ಒಂದು ಗಂಟೆಯೊಳಗೆ ಆ ಮುಖಕ್ಕೆ ಅರ್ಧ ಮಸ್ಕತ್ತು ಹಕ್ಕು ಸಾಧಿಸಿತು. ನನ್ನ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ನಾನು ಕಂಬದ ಹಿಂದಿನಿಂದ ಈಚೆ ಬಂದೆ. ಸುಮ್ಮನೆ ಎಂಬಂತೆ ಕೆಟಲ್‌ನ ಹತ್ತಿರ ನಿಂತು, ಮೂಗು ಚೆನ್ನಾಗಿ ಕಾಣುವ ಹಾಗೆ ಪಕ್ಕಕ್ಕೆ ತಿರುಗಿದೆ. ಆಗ ಬಂದವರು ನಮ್ಮ ಅಂಗಡಿಯ ಯಜಮಾನರು, ವಯಸ್ಸಾದ ಒಮಾನಿ. ಕೆಟಲ್ ನೋಡಿ ಕೋಲೂರಿ ನಿಂತು ನಕ್ಕು, ಇದು ಇಬ್ರಾ ಊರಿನಲ್ಲಿರುವ ನನ್ನ ತಮ್ಮ, ಜುಮ್ಮಾ ನಮಾಜು ಮುಗಿಸಿ ಉಂಡ ಮೇಲೆ ಹೀಗೆಯೇ ಮಲಗುತ್ತಾನೆ ಎಂದರು. ನಾನು ಇನ್ನು ತಡೆಯಲಾರದೆ, ಇದು ನಾನು, ಮಾಡಿದವಳು ನನ್ನ ಹೆಂಡತಿ ಎಂದು ನನ್ನ ಹಿಂದಿಯಲ್ಲಿ ಹೇಳಿದೆ. ಅವರು ಕೆಟಲ್ ನೋಡಿದರು, ನನ್ನನ್ನು ನೋಡಿದರು.

"ಲಾ, ಲಾ," ಎಂದು ಅಲ್ಲವೆಂಬಂತೆ ತಲೆಯಾಡಿಸಿ ತಮ್ಮ ಹಿಂದಿಯಲ್ಲಿ ಹೇಳಿದರು, "ನೀನು ಹತ್ತು ವರ್ಷದಿಂದ ನನ್ನ ಕೌಂಟರಿನಲ್ಲಿದ್ದೀಯ. ಇಷ್ಟು ನೆಮ್ಮದಿಯ ಮುಖ ನಿನ್ನ ಹತ್ತಿರ ಇಲ್ಲ."

ಆಮೇಲೆ ತಮ್ಮನಿಗೆ ಕೊಡಬೇಕು, ಇದನ್ನು ನನಗೆ ಕೊಡುತ್ತೀರಾ ಎಂದು ವಾರಿಜಾಳನ್ನು ಕೇಳಿದರು. ಯಜಮಾನರು ಕೇಳಿದ ಮೇಲೆ ಇಲ್ಲವೆನ್ನುವುದು ಹೇಗೆಂದು ನಾನು ಹೂಂ ಎನ್ನಲು ಬಾಯಿ ತೆರೆದಿದ್ದೆ.

"ಆಗುವುದಿಲ್ಲ ಅಂತ ಹೇಳಿ," ಎಂದಳು ವಾರಿಜಾ ನನಗೆ. "ಇವರನ್ನು ಕೊಟ್ಟು ನಾನು ಎಂತ ಮಾಡುವುದು?"

ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅವಳು ನನ್ನ ಬಗ್ಗೆ ಆಡಿದ ಅತ್ಯಂತ ಮಧುರವಾದ ಮಾತು ಅದು. ಆದರೆ ಹೇಳುವಾಗ ಅವಳು ಕೆಟಲ್ ಕಡೆ ನೋಡುತ್ತಿದ್ದಳು.

ಮುಂದಿನ ಶುಕ್ರವಾರ ನಾನು ಸ್ವಲ್ಪ ತಯಾರಿ ಮಾಡಿಕೊಂಡೇ ಮಲಗಿದೆ. ಕೂದಲು ಬಾಚಿಕೊಂಡಿದ್ದೆ. ಬೆಳಕು ಮುಖದ ಮೇಲೆ ಬೀಳುವ ಹಾಗೆ ದಿಂಬು ಸರಿಸಿ, ನೆಮ್ಮದಿಯಿಂದ ಬಾಯಿ ತೆರೆದೆ. ಪಕ್ಕದಲ್ಲಿ ಮಣ್ಣು ತಟ್ಟುವ ಸದ್ದು ಶುರುವಾಯಿತು. ಒಂದು ಕಣ್ಣು ತೆರೆದು ನೋಡಿದರೆ ವಾರಿಜಾ ನನಗೆ ಬೆನ್ನು ಹಾಕಿ ಕೂತು ಕಿಟಕಿಯನ್ನೇ ದಿಟ್ಟಿಸುತ್ತಿದ್ದಾಳೆ.

"ನಿಮ್ಮದು ಆಯ್ತಲ್ಲ, ಮಲಗಿ," ಎಂದಳು ತಿರುಗದೆಯೇ. "ಈ ಸಲ ಏಸಿ ಮಾಡುವುದು. ಅದೂ ನಿಮ್ಮ ಹಾಗೆಯೇ ಗೊರಕೆ ಹೊಡೀತದೆ, ಆದ್ರೆ ಮನೆಯಾದ್ರೂ ತಂಪಾಗ್ತದೆ."

ನಾನು ಏಸಿಗೆ ಅಡ್ಡವಾಗದಂತೆ ಕಾಲು ಮಡಚಿಕೊಂಡು ಗೋಡೆಯ ಕಡೆ ಹೊರಳಿ ಮಲಗಿದೆ.