ಹೊಸತೊಡಕಿನ ಮುನಿಸು

ಯುಗಾದಿ ಅಂದರೆ ಹೊಸ ವರ್ಷ, ಎಲ್ಲ ಹೊಸದಾಗಿ ಶುರುವಾಗಬೇಕು. ಗುಡೇಮಾರನಹಳ್ಳಿಯ ನಮ್ಮ ಮನೆಯಲ್ಲಿ ಮಾತ್ರ ಪ್ರತಿ ಯುಗಾದಿಗೂ ಏನಾದರೊಂದು ಎಡವಟ್ಟು ತಪ್ಪಿದ್ದಲ್ಲ. ಕುದೂರಿನಲ್ಲಿ ಮೇಷ್ಟ್ರಾಗಿರುವ ನಾನು ಮಕ್ಕಳಿಗೆ ಹಬ್ಬದ ಅರ್ಥ ವಿವರಿಸಿ ಬರುತ್ತೇನೆ. ಮನೆಯವರು ಒಂದೇ ದಿನದಲ್ಲಿ ಅದನ್ನು ಅಳಿಸಿಹಾಕುತ್ತಾರೆ.

ಜೇಬಿನಲ್ಲಿ ಬೇವು

ಬಾಳಿನಲ್ಲಿ ಸಿಹಿ ಕಹಿ ಎರಡನ್ನೂ ಒಂದೇ ಸಮ ನುಂಗಬೇಕು ಎಂದು ಬೇವು ಬೆಲ್ಲ ಹಂಚುವಾಗ ಉಪದೇಶ ಮಾಡುವವರು ನಮ್ಮಪ್ಪ. ಒಂದು ಸಲ ಹಬ್ಬ ಕಳೆದ ಮೇಲೆ ಅವರ ಅಂಗಿ ಒಗೆಯಲು ತೆಗೆದ ಅವ್ವನಿಗೆ ಜೇಬಿನ ತುಂಬ ಬೇವಿನೆಲೆ ಸಿಕ್ಕಿತು. ಬೆಲ್ಲ ಹೊಟ್ಟೆಗೆ, ಬೇವು ಜೇಬಿಗೆ. ಅಂದಿನಿಂದ ಅವ್ವ ಎಲ್ಲರ ಬಾಯಿ ತೆಗೆಸಿ, ನಾಲಗೆ ಎತ್ತಿಸಿ ನೋಡುತ್ತಾಳೆ. ಅಪ್ಪನ ಜೇಬನ್ನಂತೂ ಹಬ್ಬಕ್ಕೆ ಮೊದಲೇ ಹೊಲಿದುಬಿಡುತ್ತಾಳೆ.

ಗುಡ್ಡೆಯ ಈಲಿ

ಹಬ್ಬದ ಮಾರನೆಯ ದಿನ ಹೊಸತೊಡಕು. ಊರವರು ಸೇರಿ ಕುರಿ ಕೊಯ್ದು, ಮಾಂಸವನ್ನು ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತೇವೆ. ನಮಗೂ ಪಕ್ಕದ ಮನೆಯ ಚಿಕ್ಕಪ್ಪನಿಗೂ ಸೇರಿ ಒಂದು ಗುಡ್ಡೆ. ಹೋದ ವರ್ಷ ಅದರಲ್ಲಿದ್ದ ಅಂಗೈಯಗಲದ ಈಲಿಗೆ, ಅದೇ ಲಿವರ್‌ಗೆ, ಅಣ್ಣ ತಮ್ಮ ಕಿತ್ತಾಡಿದರು. ಅಪ್ಪ ಹಿರಿಯರಂತೆ, ಚಿಕ್ಕಪ್ಪನಿಗೆ ರಕ್ತ ಕಮ್ಮಿಯಂತೆ. ಕೊನೆಗೆ ಇಬ್ಬರೂ ಮಾತು ಬಿಟ್ಟರು.

ಅವ್ವ ಹಣೆ ಚಚ್ಚಿಕೊಂಡಳು. ಹೊಸತೊಡಕಿನ ದಿನ ಏನು ಮಾಡುತ್ತೇವೋ ಅದೇ ವರ್ಷವೆಲ್ಲ ನಡೆಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ.

"ಇವತ್ತೇ ಮಾತು ಬುಟ್ರಲ್ಲ, ಇನ್ನು ವರ್ಸೆಲ್ಲ ಹಿಂಗೇಯ" ಅಂದಳು.

ಆಮೇಲೆ ಅವಳೂ ಚಿಕ್ಕಮ್ಮನೂ ಒಲೆ ಮುಂದೆ ಕೂತು, ಈಲಿ ಹುರಿದು ತಿಂದು ಮುಗಿಸಿದರು.

ಹಸುವಿನ ಜೊತೆ ಮಾತು

ಅವ್ವನ ಮಾತನ್ನು ಅಪ್ಪ, ಚಿಕ್ಕಪ್ಪ ಇಬ್ಬರೂ ಚಾಚೂ ತಪ್ಪದೆ ಪಾಲಿಸಿದರು. ಆದರೆ ಎರಡು ಮನೆಗೂ ಬೋರ್‌ವೆಲ್ ಒಂದೇ. ಅಪ್ಪ ಹಸುವಿನ ಮೈ ಸವರುತ್ತ, ಗೋಡೆಯಾಚೆಗೆ ಕೇಳುವಂತೆ, "ಕರೆಂಟ್ ಬಂದೈತೆ ಕಣವ್ವ, ಯಾರಾದ್ರೂ ಮೋಟ್ರು ಹಾಕ್ಕಳ್ಳಿ" ಅನ್ನುವರು. ಆಚೆಯಿಂದ ಚಿಕ್ಕಪ್ಪ ತಮ್ಮ ಎಮ್ಮೆಗೆ "ಆಯ್ತು" ಅನ್ನುವರು. ಮಾತಿಲ್ಲದೆ ಇಬ್ಬರೂ ಸೊರಗಿದ್ದು ನೋಡಿ ನನಗೆ ಸಂಕಟವಾಗುತ್ತಿತ್ತು. ಹಸು ಮಾತ್ರ ಮನೆಯ ಸುದ್ದಿಯೆಲ್ಲ ತಿಳಿದುಕೊಂಡಿತು.

ಕಾಣದ ಚಂದ್ರ

ಈ ಯುಗಾದಿಯ ಸಂಜೆ ರಾಜಿಗೊಂದು ದಾರಿಯಿತ್ತು. ಹೊಸ ಚಂದ್ರನನ್ನು ನೋಡಿದ ಮೇಲೆ ಚಿಕ್ಕವರು ಹಿರಿಯರ ಕಾಲಿಗೆ ಬೀಳಬೇಕು. ತಮ್ಮ ಬಿದ್ದರೆ ಅಣ್ಣ ಹರಸಲೇಬೇಕು. ಅಪ್ಪ ನಾಲ್ಕು ಗಂಟೆಗೇ ಕಾಲು ತೊಳೆದು, ಜಗಲಿಯ ಮೇಲೆ ಚಾಚಿಕೊಂಡು ಕೂತರು. ಚಿಕ್ಕಪ್ಪ ತಾರಸಿ ಹತ್ತಿದರು. ಮೋಡವೋ ಮೋಡ. ಇವತ್ತು ತಪ್ಪಿದರೆ ನಾಳೆ ಹೊಸತೊಡಕು, ಇನ್ನೊಂದು ವರ್ಷ ಹಸುವೇ ಗತಿ ಎಂದು ನನಗೆ ಭಯ.

ಇದ್ದಕ್ಕಿದ್ದಂತೆ ಚಿಕ್ಕಪ್ಪ ಧಡಧಡ ಇಳಿದು ಬಂದು ಅಪ್ಪನ ಕಾಲಿಗೆ ಬಿದ್ದರು.

"ಚಂದ್ರ ಕಾಣ್ತು ಕಣಣ್ಣ."

ನಾನು ಮೇಲೆ ನೋಡಿದೆ. ಮೋಡ ಹಾಗೇ ಇತ್ತು. ಅಪ್ಪನೂ ನೋಡಿದರು.

"ನಂಗೂ ಕಾಣ್ತು, ಏಳ್ಲಾ" ಅಂದರು.

ಮಾರನೆಯ ಬೆಳಿಗ್ಗೆ ಗುಡ್ಡೆ ಬಂತು. ಈಲಿ ನೀನೇ ತಗೋ ಎಂದು ಅಪ್ಪ, ಇಲ್ಲ ನೀನೇ ತಗೋ ಎಂದು ಚಿಕ್ಕಪ್ಪ. ದನಿ ಏರಿ ಕೇರಿಯವರೆಲ್ಲ ಸೇರಿದರು. ಅವ್ವ ಓಡಿ ಬಂದು ಇಬ್ಬರನ್ನೂ ಗದರಿ, ಈಲಿ ಕಿತ್ತುಕೊಂಡು ಒಳಗೆ ಹೋದಳು. ಅಂದಿನಿಂದ ಕಾಫಿ ಲೋಟದಿಂದ ಹಿಡಿದು ಬೋರ್‌ವೆಲ್ ನೀರಿನವರೆಗೆ ಅಣ್ಣ ತಮ್ಮಂದಿರ "ನೀನೇ ತಗೋ" ಜಗಳ ನಡೆದೇ ಇದೆ.

ಅಷ್ಟಕ್ಕೂ ಆ ಈಲಿ ಯಾರ ಪಾಲಾಯಿತು ಎಂದು ಅವ್ವನನ್ನು ಕೇಳಿದೆ.

"ಹೋದ ವರ್ಸ ಯಾರು ತಿಂದ್ರೋ ಅವ್ರೇ ತಿಂದ್ರು" ಅಂದಳು, ಸೆರಗಲ್ಲಿ ಬಾಯಿ ಒರೆಸಿಕೊಳ್ಳುತ್ತ. "ಹೊಸತೊಡಕಿನ ದಿನ ಮಾಡಿದ್ದು ತಪ್ಪೀತಾ?"