ಓಡಿದರೆ ಫೋರು, ನಿಂತರೆ ಔಟು

ಎಲ್ಲಾ ಶುರುವಾದದ್ದು ಚಹಾಪುಡಿಯಿಂದ.

ಖಾನಾಪುರದ ಆ ಗಲ್ಲಿಯಲ್ಲಿ ದೊಡ್ಡ ಟಿ.ವಿ. ಇದ್ದದ್ದು ಸಾವಂತ್ರವ್ವನ ಮನೆಯಲ್ಲಿ ಮಾತ್ರ. ಎಪ್ಪತ್ತು ದಾಟಿದ ಆ ಮುದುಕಿಗೆ ಕಾಮೆಂಟ್ರಿಯ ಒಂದು ಅಕ್ಷರವೂ ತಿಳಿಯದು. ಆದರೂ ಕ್ರಿಕೆಟ್ಟಿನ ಹುಚ್ಚು ನೆತ್ತಿಗೇರಿತ್ತು. ಎರಡು ವರ್ಷದ ಹಿಂದೆ ಒಂದು ಮ್ಯಾಚಿನಲ್ಲಿ ನಮ್ಮವರು ಸೋಲುವ ಹೊತ್ತಿಗೆ ಆಕೆ ಪಕ್ಕದ ಮನೆಯ ಸೋಮಲಿಂಗನನ್ನು ಚಹಾಪುಡಿ ತರಲು ಅಂಗಡಿಗೆ ಅಟ್ಟಿದಳು. ಅವನು ಹೋಗಿ ಬರುವುದರೊಳಗೆ ಮೂರು ಸಿಕ್ಸರ್ ಬಿದ್ದವು. ಅವನು ಬಂದು ಕೂತದ್ದೇ ತಡ, ವಿಕೆಟ್ ಹಾರಿತು.

"ಲೇ ಸೋಮ್ಯಾ, ಎದ್ದು ಹೊರಗ ಹೋಗೋ!" ಎಂದು ಕೂಗಿದಳು ಸಾವಂತ್ರವ್ವ.

"ಚಹಾಪುಡಿ ತಂದೀನಲ್ಲ ಆಯಿ?"

"ಹಂಗಾರ ಸಕ್ರಿ ತಗೊಂಡು ಬಾ!"

ಸಕ್ಕರೆಗೆ ಹೋದಾಗ ಎರಡು ಫೋರು. ಅಂಗಡಿಯವನು ಚಿಲ್ಲರೆ ಹುಡುಕುವಾಗ ಇವನು ನಿಂತ ಕ್ಷಣದಲ್ಲೇ ಇನ್ನೊಂದು ವಿಕೆಟ್. ಮನೆಗೆ ಮರಳಿದ ಮೇಲೆ ಗಲ್ಲಿಯವರೆಲ್ಲ ಕೂಡಿ ತಾಳೆ ಹಾಕಿದರು. ಸೋಮಲಿಂಗ ನಡೆದರೆ ಒಂದೊಂದು ರನ್ನು, ಓಡಿದರೆ ಫೋರು, ನಿಂತರೆ ಔಟು. ನಮ್ಮವರು ಬೌಲಿಂಗ್ ಮಾಡುವಾಗ ಮಾತ್ರ ಅವನು ಕದಲಬಾರದು, ಕದಲಿದರೆ ಎದುರಿನವರಿಗೆ ಸಿಕ್ಸರ್.

ಅಂದಿನಿಂದ ಪ್ರತಿ ಸೀಸನ್ನಿನಲ್ಲೂ ಅವನ ಹಣೆಬರಹ ಅದೇ ಆಯಿತು. ಮ್ಯಾಚಿನ ಅರ್ಧ ಹೊತ್ತು ಮಣೆಯ ಮೇಲೆ ಕಲ್ಲಿನಂತೆ ಕೂರುವುದು, ಉಳಿದರ್ಧ ಗಲ್ಲಿ ಸುತ್ತುವುದು. ನಾಯಿಗಳು ಕೂಡ ಅವನಿಗೆ ಬೊಗಳುವುದನ್ನು ಬಿಟ್ಟವು. ಇಷ್ಟಾಗಿಯೂ ಕ್ರಿಕೆಟ್ಟಿಗಾಗಿ ಪ್ರಾಣ ಬಿಡುವ ಅವನು ಎರಡು ವರ್ಷದಿಂದ ನಮ್ಮವರ ಒಂದು ಫೋರನ್ನೂ ಕಣ್ಣಾರೆ ಕಂಡಿರಲಿಲ್ಲ. ಬೇರೆಯವರ ಚಪ್ಪಾಳೆಯಿಂದಲೇ ಸ್ಕೋರು ತಿಳಿಯಬೇಕಿತ್ತು. ಇದೆಲ್ಲ ಮೂಢನಂಬಿಕೆ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಒಳಗೊಳಗೆ ಮಾತ್ರ ಅವರೆಲ್ಲರಿಗಿಂತ ಹೆಚ್ಚಾಗಿ ನಂಬಿದ್ದ.

ಅವನು ಮೊದಲಿನಿಂದಲೂ ಓಟಗಾರನೇ. ಡಿಗ್ರಿಯಲ್ಲಿದ್ದಾಗ ಕಾಲೇಜಿಗೆ ಕಪ್ಪು ತಂದವನು. ಮೂರು ವರ್ಷದ ಹಿಂದೆ ಹಿಮ್ಮಡಿಯ ಮೇಲಿನ ಎಲುಬು ಮುರಿದು, ಕಾಲಿಗೆ ಪ್ಲಾಸ್ಟರ್ ಬಿದ್ದು, ಓಟ ನಿಂತುಹೋಯಿತು. ಆಮೇಲೆ ಎಂ.ಎ. ಸೇರಿದರೂ ಮೈದಾನದ ಕಡೆ ಮುಖ ಹಾಕಲಿಲ್ಲ. ಕಾಲು ನೆಟ್ಟಗಾದದ್ದು ಗಲ್ಲಿಯವರು ಓಡಿಸಿ ಮಾಡಿದ ಉಪಚಾರದಿಂದ. ಆದರೆ ಮನಸ್ಸು ನೆಟ್ಟಗಾಗಿರಲಿಲ್ಲ. ಊಟಕ್ಕೆ ಕೂತರೂ ಮೊಣಕಾಲು ಕುಣಿಯುತ್ತಿತ್ತು. ಅವನ ತಾಯಿ ಫಕೀರವ್ವ, "ಕಾಲು ಅಳ್ಳಾಡಿಸಬ್ಯಾಡೋ, ದರಿದ್ರ ಬರತೈತಿ" ಎಂದು ದಿನಾ ಬೈಯುತ್ತಿದ್ದಳು.

ಹೀಗಿರುವಾಗ ಕಾಲೇಜಿನ ಆಟೋಟದ ಪಿ.ಡಿ. ಚನ್ನಬಸಯ್ಯ ಸರ್ ಯಾರದೋ ಮನೆಯ ವಾಸ್ತುಶಾಂತಿಗೆ ಖಾನಾಪುರಕ್ಕೆ ಬಂದರು. ಊಟ ಮುಗಿಸಿ ಎಲೆಅಡಿಕೆ ಹಾಕುತ್ತ ನಿಂತಾಗ ಒಬ್ಬ ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು ಹತ್ತನೇ ಸಲ ಎದುರಿನಿಂದ ಹಾಯ್ದುಹೋದ. ಅಭ್ಯಾಸಬಲದಿಂದ ಸರ್ ಗಡಿಯಾರ ನೋಡಿಕೊಂಡರು. ಬಾಯಲ್ಲಿದ್ದ ಎಲೆ ಹೊರಗೆ ಬಂತು.

"ಏ ಸೋಮಲಿಂಗ! ಯಾರ ಪೈಕಿ ಓಡಾಕತ್ತೀಯೋ?"

"ಇಂಡಿಯಾ ಪೈಕಿ ಸರ್," ಎಂದ ಸೋಮಲಿಂಗ ನಿಲ್ಲದೆ.

ಮ್ಯಾಚು ಮುಗಿದ ಮೇಲೆ ಸರ್ ಅವನನ್ನು ಹಿಡಿದು ಕೂರಿಸಿದರು. ಬರುವ ಶನಿವಾರ ಬೆಳಗಾವಿಯಲ್ಲಿ ಅಂತರ ಕಾಲೇಜು ಗುಡ್ಡಗಾಡು ಓಟ, ಹತ್ತು ಕಿಲೋಮೀಟರ್. ಮೊದಲ ಆರು ಮಂದಿ ವಿಶ್ವವಿದ್ಯಾಲಯದ ಟೀಮಿಗೆ. ಇಪ್ಪತ್ತೈದು ತುಂಬಿದರೆ ಆಡಿಸುವುದಿಲ್ಲ, ಸೋಮಲಿಂಗನಿಗೆ ಇನ್ನು ಮೂರು ತಿಂಗಳಲ್ಲಿ ತುಂಬುತ್ತದೆ.

"ಇದ ಕಡೀ ಸಲ ತಮ್ಮಾ. ಆಮ್ಯಾಲೆ ಜನ್ಮ ಪೂರ್ತಿ ಗಲ್ಲಿನ ಸುತ್ತಬೇಕು ನೋಡು," ಎಂದರು ಸರ್.

ಆ ಮಾತು ಅವನ ಎದೆಗೆ ನಾಟಿತು. ಇಷ್ಟು ದಿನ ಓಡಿದ್ದೆಲ್ಲ ಬೇರೆಯವರ ರನ್ನಿಗೆ. ಒಮ್ಮೆಯಾದರೂ ತನ್ನ ಹೆಸರಿಗೆ ಓಡಬೇಕು, ವಿಶ್ವವಿದ್ಯಾಲಯದ ಟೀಮಿಗೆ ಕೊಡುವ ಆ ನೀಲಿ ಕೋಟು ಮೈಮೇಲೆ ಬರಬೇಕು. ಅವನು ನಾಲ್ಕು ರಾತ್ರಿ ನಿದ್ದೆ ಮಾಡಲಿಲ್ಲ.

ತೊಡಕು ಏನೆಂದರೆ, ಅದೇ ಶನಿವಾರ ಬೆಳಿಗ್ಗೆ ಆರೂವರೆಗೆ ನ್ಯೂಜಿಲೆಂಡಿನಲ್ಲಿ ಫೈನಲ್ ಮ್ಯಾಚು. ಗಲ್ಲಿಯಲ್ಲಿ ಹಾಹಾಕಾರವಾಯಿತು. ಫೈನಲ್ ದಿನ ಸೋಮ್ಯಾ ಊರಲ್ಲಿಲ್ಲವೆಂದರೆ ಹೇಗೆ? ಕೊನೆಗೆ ತೀರ್ಪು ಕೊಟ್ಟವಳು ಸಾವಂತ್ರವ್ವ.

"ಅಂವಾ ಓಡಾಕ ಹೊಂಟಾನಲ್ಲ? ಖಾನಾಪುರದಾಗ ಓಡಿದ್ರೇನು, ಬೆಳಗಾವ್ಯಾಗ ಓಡಿದ್ರೇನು? ನ್ಯೂಜಿಲೆಂಡ್ ಎರಡಕ್ಕೂ ದೂರನ ಐತಿ. ಸತ್ಯಪ್ಪ ಜೋಡಿ ಹೋಗಲಿ. ನಾ ಫೋನಿನಾಗ ಸ್ಕೋರ್ ಹೇಳತೀನಿ."

ಸತ್ಯಪ್ಪ ಲೈನ್‌ಮನ್. ಮೂಲೆಮನೆಯವನು, ಕೆಲಸಕ್ಕಿಂತ ಉಸಾಬರಿಯೇ ಹೆಚ್ಚು. ಶನಿವಾರ ನಸುಕಿನಲ್ಲಿ ಹೆಲ್ಮೆಟ್ಟಿನೊಳಗೆ ಕಿವಿಗೊತ್ತಿ ಫೋನು ತುರುಕಿಕೊಂಡು ಗಾಡಿ ಚಾಲೂ ಮಾಡಿದ. ದಾರಿಯುದ್ದಕ್ಕೂ ಹಿಂದೆ ಕೂತ ಸೋಮಲಿಂಗನ ಮೊಣಕಾಲು ಕುಣಿಯುತ್ತಲೇ ಇತ್ತು.

"ಲೇ, ಅಳ್ಳಾಡಬ್ಯಾಡ! ನಮ್ಮವ್ರು ಬೌಲಿಂಗ್ ಮಾಡಾಕತ್ತಾರ. ಈಗ ಒಂದು ಫೋರ್ ಹೋತು ನೋಡು!"

ಮೈದಾನದಲ್ಲಿ ಉಳಿದ ಹುಡುಗರು ಮೈ ಬಿಸಿ ಮಾಡಿಕೊಳ್ಳಲು ಓಡುತ್ತಿದ್ದರು. ಸೋಮಲಿಂಗ ಬೂಟಿನ ಲಾಡಿ ಕಟ್ಟಿ ಎದ್ದನೋ ಇಲ್ಲವೋ, ಸತ್ಯಪ್ಪ ಭುಜ ಹಿಡಿದು ಮೆಟ್ಟಿಲ ಮೇಲೆ ಕೂರಿಸಿದ.

"ಅವರ ಆಟ ಮುಗಿಯೂ ತನಕ ಗಪ್ಪನ ಕುಂದರು."

"ಕಾಕಾ, ಮೈ ಬಿಸಿ ಆಗಲಿಲ್ಲಂದ್ರ ಕಾಲು ಹಿಡಕೋತಾವ."

"ದೇಶಕ್ಕಿಂತ ನಿನ್ನ ಕಾಲು ದೊಡ್ಡದೇನೋ?"

ಸೋಮಲಿಂಗ ಮೂತ್ರಕ್ಕೆಂದು ಹೇಳಿ ಶೆಡ್ಡಿನ ಹಿಂದೆ ಹೋಗಿ ಸದ್ದಿಲ್ಲದೆ ಜಿಗಿಯತೊಡಗಿದ. ಅರ್ಧ ನಿಮಿಷ ಕಳೆದಿರಲಿಲ್ಲ, ಸತ್ಯಪ್ಪ ಓಡಿಬಂದ.

"ಸಿಕ್ಸರ್ ಹೋತು! ಏನ ಮಾಡಾಕತ್ತಿದ್ದಿ ಖರೇ ಹೇಳು!"

ಸೋಮಲಿಂಗ ತಪ್ಪಿತಸ್ಥನಂತೆ ತಲೆ ತಗ್ಗಿಸಿ ಬಂದು ಕೂತ. ಎಂಟು ಗಂಟೆಗೆ ನ್ಯೂಜಿಲೆಂಡಿನವರ ಆಟ ಮುಗಿಯಿತು. "ಅಲ್ಲೆ ಮೋಡ ಕವದಾವಂತ," ಎಂದು ಸತ್ಯಪ್ಪ ವರದಿ ಕೊಟ್ಟ. ಅಷ್ಟರಲ್ಲಿ ಚನ್ನಬಸಯ್ಯ ಸರ್ ಹುಡುಗರನ್ನೆಲ್ಲ ಕೂಡಿಸಿ ಹತ್ತು ಸಲ ಒಂದೇ ಮಾತು ಹೇಳಿದರು: "ಗೆರಿ ದಾಟಿದ್ರಷ್ಟ ಸಾಲಂಗಿಲ್ಲ. ಮುಂದ ಹಗ್ಗ ಕಟ್ಟಿದ ದಾರ್ಯಾಗ ಸಾಲಾಗಿ ಬಂದು ನಂಬರಿನ ಚೀಟಿ ಇಸ್ಕೋಬೇಕು. ಚೀಟಿ ಇಲ್ಲಂದ್ರ ನೀವು ಓಡೇ ಇಲ್ಲ."

ಎಂಟೂವರೆಗೆ ಪಿಸ್ತೂಲು ಸಿಡಿಯಿತು. ಅದೇ ಹೊತ್ತಿಗೆ ಸತ್ಯಪ್ಪನೂ ಗಾಡಿ ಹತ್ತಿದ.

"ಬಿಸಿಲು ಬಿತ್ತಂತ! ನಮ್ಮವ್ರು ಬ್ಯಾಟಿಂಗ್ ಚಾಲೂ ಮಾಡ್ಯಾರ. ಓಡು ಮಗನ!"

ಮಿಲಿಟರಿ ಕ್ಯಾಂಪಿನ ದೊಡ್ಡ ಮರಗಳ ನೆರಳಲ್ಲಿ ಮೊದಲೆರಡು ಕಿಲೋಮೀಟರ್ ಸೋಮಲಿಂಗನ ಕಾಲು ಒಣಗಿದ ಹುಣಸೆ ಕಟ್ಟಿಗೆಯಂತಿತ್ತು. ಇಪ್ಪತ್ತು ಮಂದಿಯ ಹಿಂದೆ ಬಿದ್ದ. ಬಾಜೂಕೆ ಗಾಡಿ ಓಡಿಸುತ್ತಿದ್ದ ಸತ್ಯಪ್ಪ, "ಒಂದು ವಿಕೆಟ್ ಹೋತು! ಎರಡು ಹೋತು!" ಎಂದು ಬೊಬ್ಬೆ ಹೊಡೆದ. ಹೆಲ್ಮೆಟ್ಟಿನೊಳಗೆ ಮಾತಾಡುವ ಇವನನ್ನು ಯಾರೋ ದೊಡ್ಡ ಅಧಿಕಾರಿ ಎಂದುಕೊಂಡು ಬ್ಯಾರಕ್ಕಿನ ಗೇಟಿನ ಸಿಪಾಯಿ ಒಂದು ಲಾರಿಯನ್ನೇ ತಡೆದು ನಿಲ್ಲಿಸಿದ.

ಆಮೇಲೆ ಮೈ ಬಿಸಿಯಾಯಿತು. ಒಬ್ಬೊಬ್ಬರೇ ಹಿಂದೆ ಸರಿದರು. ಬೆಳಗಾವಿಯಲ್ಲಿ ಹಿಂಡಲಗಾಕ್ಕೆ ಹೋದವರು ಬೇಗ ತಿರುಗಿ ಬರುವುದಿಲ್ಲ, ಜೈಲಿರುವುದು ಅಲ್ಲಿಯೇ. ಸೋಮಲಿಂಗ ಮಾತ್ರ ಹದಿನೆಂಟು ನಿಮಿಷದಲ್ಲಿ ಅಲ್ಲಿಯವರೆಗೆ ಹೋಗಿ ತಿರುಗಿದ. ಆಗ ಅವನು ಏಳನೆಯವನು. ಸತ್ಯಪ್ಪನ ಬೊಬ್ಬೆ, ಬ್ಯಾಟು, ಬಾಲು ಎಲ್ಲ ಮರೆತುಹೋಗಿ ತನ್ನ ಉಸಿರು ತನಗೇ ಕೇಳತೊಡಗಿತು. ಮೂರು ವರ್ಷದಿಂದ ಮೈಯಲ್ಲಿ ಕುಣಿಯುತ್ತಿದ್ದ ಕಳವಳ ಇಳಿದಿತ್ತು. ಅವನಿಗೆ ಬಹಳ ಸಂತೋಷವಾಯಿತು.

ಮೈದಾನದ ಗೇಟು ಹೊಕ್ಕಾಗ ಐದನೆಯವನಾಗಿದ್ದ. ಕೊನೆಯ ಇನ್ನೂರು ಮೀಟರಿನಲ್ಲಿ ಇನ್ನಿಬ್ಬರನ್ನು ಹಿಂದೆ ಹಾಕಿ ಮೂರನೆಯವನಾಗಿ ಗೆರೆ ದಾಟಿದ! ಚನ್ನಬಸಯ್ಯ ಸರ್ ಟೋಪಿ ಗಾಳಿಗೆ ತೂರಿದರು. ಎದುರಿಗೆ ಹಗ್ಗದ ದಾರಿ, ಅದರ ತುದಿಗೆ ಚೀಟಿ ಹಿಡಿದ ಮನುಷ್ಯ. ಹತ್ತು ಹೆಜ್ಜೆ ಉಳಿದಿತ್ತು.

"ನಿಂದರಬ್ಯಾಡೋ!" ಹಗ್ಗದ ಆಚೆಯಿಂದ ಸತ್ಯಪ್ಪನ ಗಂಟಲು ಹರಿಯುವಂಥ ಕೂಗು ಬಂತು. "ಕಡೀ ಓವರ್! ನಾಕು ಬಾಲ್, ಒಂಬತ್ತು ರನ್! ನೀ ನಿಂತ್ಯೋ, ಸತ್ವಿ!"

ನಾಲ್ಕು ಬಾಲ್, ಒಂಬತ್ತು ರನ್. ಇದನ್ನು ಎಲ್ಲೋ ಕೇಳಿದಂತಿದೆಯಲ್ಲ ಎಂದು ಸೋಮಲಿಂಗನಿಗೆ ಒಂದು ಕ್ಷಣ ಅನ್ನಿಸಿತು. ಯೋಚಿಸಲು ಪುರಸೊತ್ತಿರಲಿಲ್ಲ. ಚೀಟಿ ಎಲ್ಲಿಗೆ ಹೋಗುತ್ತದೆ, ಮೂರನೆಯವನು ಎಂದು ಎಲ್ಲರೂ ನೋಡಿದ್ದಾರಲ್ಲ, ಒಂದು ಸುತ್ತು ಹಾಕಿ ಬಂದರಾಯಿತು ಎಂದುಕೊಂಡ. ಹಗ್ಗ ಹಾರಿದ. ಮೈದಾನವನ್ನು ಪೂರ್ತಿ ಒಂದು ಸುತ್ತು ಓಡಿದ. ಹಿಂದೆ ಸರ್, "ಲೇ ಹುಚ್ಚಾ, ಚೀಟಿ! ಚೀಟಿ!" ಎನ್ನುತ್ತ ಓಡಿದರು. ಪಾಪ, ಅವರಿಗೆ ಐವತ್ತೆಂಟು.

"ಗೆದ್ವಿ!" ಸತ್ಯಪ್ಪ ಹೆಲ್ಮೆಟ್ಟು ಸಮೇತ ಕುಣಿದ. "ಕಡೀ ಬಾಲಿಗೆ ಸಿಕ್ಸರ್!"

ಸೋಮಲಿಂಗ ನಗುನಗುತ್ತ ಹಗ್ಗದ ದಾರಿಗೆ ಮರಳುವಷ್ಟರಲ್ಲಿ ಮೂರನೆಯ ಚೀಟಿ ಅವನ ಹಿಂದಿದ್ದವನ ಕೈಯಲ್ಲಿತ್ತು. ಆರನೆಯದೂ ಹೋಗಿತ್ತು. ಅಧಿಕಾರಿಗಳ ಕಾಲು ಹಿಡಿಯುವುದೊಂದು ಬಾಕಿ. ಅವರು, "ಹಗ್ಗ ಹಾರಿ ಹೋದವ್ರಿಗೆ ನಂಬರ್ ಇಲ್ರಿ," ಎಂದು ಪುಸ್ತಕ ಮುಚ್ಚಿದರು. ಚನ್ನಬಸಯ್ಯ ಸರ್ ಏದುಸಿರು ಬಿಡುತ್ತ ಅವನ ಮುಖ ನೋಡಿ, ತೂರಿದ ಟೋಪಿ ಹುಡುಕಲು ಹೋದರು. ಸೋಮಲಿಂಗ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟ, ಅವನ ಕಣ್ಣು ತುಂಬಿ ಬಂದವು.

"ಹೋಗಲಿ ಬಿಡೋ," ಎಂದು ಸತ್ಯಪ್ಪ ಬೆನ್ನು ಸವರಿದ. "ಕಪ್ ಅಂತೂ ಬಂತಲ್ಲ. ತಗೋ, ಆಯಿ ಜೋಡಿ ಮಾತಾಡು."

ಹೆಲ್ಮೆಟ್ಟಿನಿಂದ ಫೋನು ಹೊರಬಂತು. ಸಾವಂತ್ರವ್ವನ ದನಿ ಯಾಕೋ ಸಣ್ಣಗಾಗಿತ್ತು.

"ಸೋಮ್ಯಾ, ಒಂದು ಸ್ವಲ್ಪ ಎಡವಟ್ಟಾಗೇತಿ ನೋಡಪಾ. ಅವರ ಆಟ ಮುಗಿದ ಕೂಡ್ಲೆ ಮಂದಿಯೆಲ್ಲ ನಾಷ್ಟಾಕ್ಕ ಎದ್ದು ಹೋಗಿತ್ತು. ಈಗ ನಿಮ್ಮವ್ವ ಬಂದು ಟಿ.ವಿ. ಮ್ಯಾಲಿನ ಅಕ್ಷರ ಓದಿ ಹೇಳಿದ್ಲು. ಅಲ್ಲೆ ಮಳಿ ಹತ್ತೇತಂತ. ಮಳಿ ನಿಂದರೂ ತನಕ ಅಂತ ಮೂರು ವರ್ಷದ ಹಿಂದಿನ ಮ್ಯಾಚಿನ ಹೈಲೈಟ್ಸ್ ಹಚ್ಚಿದ್ರಂತ. ಅಂಗಿ ಬಣ್ಣ ಬ್ಯಾರೆ ಆದಾಗನ ನನಗ ಸಂಶೆ ಬಂದಿತ್ತು. ಮಳ್ಯಾಗ ತೋದಿರಬೇಕು, ಬದಲಿ ಮಾಡ್ಯಾರ ಅಂತ ಸುಮ್ಮನಾದ್ನಿ."

ಸೋಮಲಿಂಗನಿಗೆ ಆಗ ನೆನಪಾಯಿತು. ನಾಲ್ಕು ಬಾಲ್, ಒಂಬತ್ತು ರನ್, ಕೊನೆಯ ಬಾಲಿಗೆ ಸಿಕ್ಸರ್. ಆ ಮ್ಯಾಚನ್ನು ಅವನು ಮೊದಲಿನಿಂದ ಕೊನೆಯವರೆಗೆ ನೋಡಿದ್ದ. ಆಸ್ಪತ್ರೆಯಲ್ಲಿ, ಪ್ಲಾಸ್ಟರ್ ಹಾಕಿದ ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡು, ಒಂದಿಷ್ಟೂ ಅಲುಗಾಡದೆ ಮಲಗಿ ನೋಡಿದ್ದ. ಅವತ್ತು ಅವನು ಓಡದಿದ್ದರೂ ನಮ್ಮವರು ಗೆದ್ದಿದ್ದರು.

ಇದನ್ನು ಹೇಳೋಣವೆಂದು ಬಾಯಿ ತೆರೆದ. ಸಾವಂತ್ರವ್ವ ಬಿಡಲಿಲ್ಲ.

"ಚಿಂತಿ ಮಾಡಬ್ಯಾಡ. ಉಳಿದ ಆಟ ನಾಳೆ ಮುಂಜಾನೆ ಐತಂತ. ನಮ್ಮವರದ ಬ್ಯಾಟಿಂಗ್. ಲಗೂನ ಮನಿಗೆ ಬಂದು ಉಂಡು ಮಲ್ಕೋ. ಮತ್ತ ಬರೂ ಮುಂದ ಚಹಾಪುಡಿ ತಗೊಂಡು ಬಾ."