ಸೈಕಲ್ ಟ್ಯೂಬಿನ ಹಾಡುಗಾರ

ಮಂಗಳವಾರ ಸಂಜೆ ಬಂತೆಂದರೆ ನನ್ನ ರೊಟ್ಟಿ ಹರಿಯುತ್ತಿತ್ತು. ಹಿಟ್ಟು ಅದೇ, ಎಸರು ಅದೇ, ಹುಡುಗಿಯಾಗಿದ್ದಾಗಿನಿಂದ ಬಡಿಯುತ್ತ ಬಂದ ಕೈಯೂ ಅದೇ. ಉಳಿದ ದಿನ ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ ಬರುವ ರೊಟ್ಟಿ ಮಂಗಳವಾರ ಮಾತ್ರ ಹೊಳೆ ನುಗ್ಗಿದ ಊರಿನ ನಕ್ಷೆಯ ಹಾಗೆ ಬರುತ್ತಿತ್ತು. ಇದಕ್ಕೆ ಕಾರಣ ಶಿವದೇವಿ ಎಂದು ಕಂಡುಹಿಡಿಯಲು ನನಗೆ ಶಾಲೆಯ ವಿದ್ಯೆ ಬೇಕಾಗಲಿಲ್ಲ. (ಬೇಕಾಗಿದ್ದರೂ ಇರಲಿಲ್ಲ. ಮೂರನೇ ಇಯತ್ತೆಯಲ್ಲೇ ಸರಸ್ವತಿ ನನ್ನ ಕೈ ಬಿಟ್ಟಳು.)

ನಾನು ಇರುವುದು ಹೈದರಾಬಾದಿನ ಮಣಿಕೊಂಡದ ಅಪಾರ್ಟ್‌ಮೆಂಟೊಂದರಲ್ಲಿ, ಮಗಳು ರೇಣುಕಾಳ ಮನೆಯಲ್ಲಿ. ನಮ್ಮ ಅಡುಗೆಮನೆಯ ಸರಿಯಾಗಿ ಕೆಳಗೆ ಮೀಟಿಂಗ್ ಹಾಲ್ ಇದೆ. ಬ್ಯಾಂಕಿನಿಂದ ನಿವೃತ್ತಿಯಾದ ಬಾಗಲಕೋಟೆಯ ಶಿವದೇವಿ ಅಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ನಮ್ಮ ಪ್ರಾಯದ ಕಾಲದ ಇಂಗ್ಲಿಷ್ ಡಿಸ್ಕೊ ಹಾಕಿ ಕುಣಿಸುತ್ತಾಳೆ. ಕುಣಿದು ಸುಸ್ತಾದ ಮೇಲೆ ಚಾಪೆ ಹಾಸಿ ಮಲಗಿಸಿ ಸಾಫ್ಟ್ ರಾಕ್ ಎಂಬುದನ್ನು ಕೇಳಿಸುತ್ತಾಳೆ. ಸಾಫ್ಟ್ ರಾಕ್ ಎಂದರೆ ಮೆತ್ತನೆಯ ಬಂಡೆ ಎಂದು ಅಳಿಯ ಚೇತನಕುಮಾರ ಅರ್ಥ ಹೇಳಿದರು. ಹೇಳಿ, ನನ್ನ ಮುಖ ನೋಡಿ, ತುಟಿ ಬಿಗಿಹಿಡಿದು ಬಾಲ್ಕನಿಗೆ ಹೋದರು. (ನನ್ನ ಹೆಸರು ಬಂಡೆಮ್ಮ.)

ಬಂಡೆಯ ಮೇಲೆ ನನ್ನ ತಕರಾರಿಲ್ಲ. ತಕರಾರೆಲ್ಲ ಡಿಸ್ಕೊದ ಒಂದು ಹಾಡಿನ ಮೇಲೆ. ಯಾವಳೋ ಒಬ್ಬಳು, ಕೊನೆಯ ಬಸ್ಸು ಬಿಟ್ಟುಹೋಗುತ್ತಿದೆಯೇನೋ ಎಂಬಂತೆ ಓಡಿಓಡಿ ಹಾಡುತ್ತಾಳೆ. ಅವಳ ಬೆನ್ನಿಗೆ ಢಬ್ ಢಬ್ ಎಂದು ಡೋಲು. ಅದು ಶುರುವಾದರೆ ಸಾಕು, ನನ್ನ ಕೈ ನನ್ನ ಮಾತು ಮೀರಿ ಅವಳ ಹಿಂದೆ ಓಡುತ್ತಿತ್ತು, ರೊಟ್ಟಿ ಹರಿಯುತ್ತಿತ್ತು. ಕೊನೆಗೆ ಒಂದು ಮಂಗಳವಾರ ಹರಿದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟುಕೊಂಡು ಸೆಕ್ರೆಟರಿ ಅಮರೇಶಪ್ಪನವರ ಮನೆಗೆ ನಡೆದೆ. ಅವರು ನಮ್ಮ ರಾಯಚೂರು ಕಡೆಯವರು. ಆ ಹಾಡಿನಿಂದ ನನ್ನ ಬಿ.ಪಿ. ಏರುತ್ತದೆ, ದೇವರ ಧ್ಯಾನ ಕೆಡುತ್ತದೆ, ಇದೋ ಸಾಕ್ಷಿ ಎಂದು ತಟ್ಟೆ ಮುಂದಿಟ್ಟೆ. ಅವರು ಸಾಕ್ಷಿಯನ್ನು ಎತ್ತಿ ಎರಡೂ ಮಗ್ಗುಲು ಪರೀಕ್ಷಿಸಿ, "ಜೋಡಿಗಿ ಶೇಂಗಾ ಹಿಂಡಿ ತಂದೀರೇನ್ರಿ" ಎಂದು ಕೇಳಿದರು. ಆ ಚಟ್ನಿಪುಡಿಯನ್ನೂ ತಂದುಕೊಟ್ಟೆ. ತೀರ್ಪು ನನ್ನ ಕಡೆ ಆಯಿತು. ಕ್ಲಾಸು ನಡೆಯಲಿ, ಆ ಒಂದು ಹಾಡು ಮಾತ್ರ ಬಂದ್.

ಅಂದಿನಿಂದ ಶಿವದೇವಿ ನನ್ನೊಡನೆ ಮಾತು ಬಿಟ್ಟಳು. ಲಿಫ್ಟಿನಲ್ಲಿ ಎದುರಾದರೆ ಅಂಕಿಗಳನ್ನು ಓದುತ್ತ ನಿಲ್ಲುತ್ತಿದ್ದಳು. ನಾನು ಗೆದ್ದ ಪಾಳೇಗಾರ್ತಿಯ ಹಾಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಇಷ್ಟು ಓದಿ, ಮುದುಕಿಗೆ ಇಂಗ್ಲಿಷ್ ಹಾಡೆಂದರೆ ಆಗದು ಎಂದುಕೊಳ್ಳಬೇಡಿ. ನನ್ನ ಜೀವದ ಹಾಡೇ ಇಂಗ್ಲಿಷಿನದು.

ಮದುವೆಯಾಗಿ ಲಿಂಗಸೂಗೂರಿನಿಂದ ಈ ಊರಿಗೆ ಬಂದಾಗ ನಾವು ಸಂಸಾರ ಹೂಡಿದ್ದು ಹಿಮಾಯತ್‌ನಗರದ ಒಂದು ಹಿತ್ತಲ ಕೋಣೆಯಲ್ಲಿ. ಸ್ಟೋವು, ಟ್ರಂಕು, ಹಾಸಿಗೆ, ನಮ್ಮ ಮನೆಯವರ ಸೈಕಲ್ಲು, ಇಷ್ಟು ಇಟ್ಟಮೇಲೆ ಇಬ್ಬರು ನಿಲ್ಲುವಷ್ಟು ಜಾಗ ಉಳಿಯುತ್ತಿತ್ತು. ಒಬ್ಬರು ಮೈಮುರಿಯಬೇಕಾದರೆ ಇನ್ನೊಬ್ಬರು ಅಂಗಳಕ್ಕೆ ಹೋಗಬೇಕು. ನಮ್ಮ ಮನೆಯವರು ಕಲ್ಯಾಣಪ್ಪ. ಅಬಿಡ್ಸಿನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಬಟ್ಟೆ ಅಳೆದು ಕತ್ತರಿಸುವ ಕೆಲಸ. ರೇಣುಕಾಳ ಬಾಣಂತನಕ್ಕೆ ನಾನು ತವರಿಗೆ ಹೋಗಿದ್ದಾಗ, ದುಬೈಯಿಂದ ಬಂದ ಯಾರದೋ ಹಳೆಯ ಟೇಪ್‌ರೆಕಾರ್ಡರ್ ತಂದಿಟ್ಟಿದ್ದರು. ಒಳಗೆ ಹೆಸರಿಲ್ಲದ ಒಂದು ಕ್ಯಾಸೆಟ್. ಕೂಸನ್ನೆತ್ತಿಕೊಂಡು ಬಂದವಳನ್ನು ಟ್ರಂಕಿನ ಮೇಲೆ ಕೂರಿಸಿ, ಮಹಾರಾಜರು ಕೋಟೆಯ ಬಾಗಿಲು ತೆರೆಸುವ ಗತ್ತಿನಲ್ಲಿ ಬಟನ್ ಒತ್ತಿದರು.

ಒಬ್ಬ ಗಂಡಸು ಹಾಡಿದ. ದಪ್ಪ ದನಿ. ತಲೆಯ ಮೇಲೆ ಜೋಳದ ಚೀಲ ಹೊತ್ತು ದಿನ್ನೆ ಹತ್ತುವವನ ಹಾಗೆ ಒಂದೊಂದೇ ಮಾತನ್ನು ಎತ್ತಿಟ್ಟು, ಉಸಿರು ತಗೊಂಡು, ಮತ್ತೊಂದು ಎತ್ತುತ್ತಿದ್ದ. ಒಂದಕ್ಷರ ತಿಳಿಯಲಿಲ್ಲ. ಆದರೆ ಅವನ ಹೆಂಡತಿ ತವರಿಗೆ ಹೋದವಳು ತಿರುಗಿ ಬಂದಿಲ್ಲ ಎಂಬುದು ಮಾತ್ರ ನನಗೆ ಖಾತ್ರಿಯಾಯಿತು.

"ಪಾಪ, ಇವಂಗ ಯಾರೂ ಇಲ್ಲೇನ್ರಿ" ಎಂದೆ.

"ಇದ್ದಿದ್ರ ಹಿಂಗ್ಯಾಕ ಹಾಡತಿದ್ದ" ಎಂದು ನಮ್ಮ ಮನೆಯವರು ಗೋಡೆಯ ಕಡೆ ನೋಡಿದರು.

ದಿನಾ ಸಂಜೆ ಸೈಕಲ್ ಒರಗಿಸಿ, ಬಾತ ಪಾದಗಳನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಅದ್ದಿ, ಆ ಹಾಡು ಹಚ್ಚುವರು. ಅರ್ಧ ಹಾಡಿಗೆ ಪಾದ ಒರೆಸಿಕೊಂಡು ಎದ್ದು ನಿಲ್ಲುವರು. ಕುಣಿಯುತ್ತಿದ್ದರು ಎಂದರೆ ದೊಡ್ಡ ಮಾತಾದೀತು. ಬಸ್ಸಿನಲ್ಲಿ ಸೀಟು ಸಿಗದವರು ಈ ಕಾಲಿನಿಂದ ಆ ಕಾಲಿಗೆ ಓಲಾಡುತ್ತಾರಲ್ಲ, ಅಷ್ಟೇ. ನಾನು ಹಾಡಿನ ಒಂದು ಢಬ್‌ಗೆ ಒಂದು ಬಡಿತದಂತೆ ರೊಟ್ಟಿ ಬಡಿಯುತ್ತಿದ್ದೆ. ಆಗ ಬಂದ ರೊಟ್ಟಿ ಆಮೇಲೆ ನನ್ನ ಕೈಗೆ ಬಂದಿಲ್ಲ. ಒಮ್ಮೊಮ್ಮೆ "ಬಾ ಇಲ್ಲೆ" ಎನ್ನುತ್ತಿದ್ದರು. ಕೈ ಹಿಟ್ಟಾಗಿದ್ದರೂ ಎದ್ದು ಹೋಗುತ್ತಿದ್ದೆ. ಇಬ್ಬರಿಗೆ ಜಾಗವಿತ್ತಲ್ಲ.

ಮುಂದೊಂದು ಶ್ರಾವಣದಲ್ಲಿ ವಚನದ ಕ್ಯಾಸೆಟ್ ತಂದೆವು. ಹಾಡಿದ ಹೆಣ್ಣುಮಗಳ ದನಿಗೆ ಮೀಸೆ ಮೂಡಿದ ಹಾಗೆ ಕೇಳಿಸಿತು. ಏನ್ರಿ ಇದು ಎಂದರೆ, "ಆಕಿಗಿ ನೆಗಡಿ ಆಗೇತಿ" ಎಂದು ನಮ್ಮ ಮನೆಯವರು ತಟ್ಟೆಯಿಂದ ತಲೆ ಎತ್ತದೆ ಉತ್ತರ ಕೊಟ್ಟರು. ಗಂಡ ಹೇಳಿದ್ದನ್ನು ನಂಬುವ ಕಾಲ ಅದು.

ಆಮೇಲೆ ಮನೆಗಳು ಬದಲಾದವು, ಟೇಪ್‌ರೆಕಾರ್ಡರ್ ಮೂಕಾಯಿತು, ಅವರೂ ಹೋದರು. ಹೆಸರಿಲ್ಲದ ಆ ಕ್ಯಾಸೆಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡ ಮೂಕ ಡಬ್ಬಿ ಮಾತ್ರ ಒಂದು ಅಟ್ಟದಿಂದ ಇನ್ನೊಂದು ಅಟ್ಟಕ್ಕೆ ಏರುತ್ತ ಉಳಿಯಿತು. ಈ ಸಲ ದಸರೆಗೆ ಮನೆ ಸ್ವಚ್ಛ ಮಾಡುವಾಗ ರೇಣುಕಾ ಅದನ್ನು ಕೆಳಗಿಳಿಸಿದಳು.

"ಅವ್ವಾ, ಗುಜರಿಯವ ಗೇಟಿನ್ಯಾಗ ನಿಂತಾನ. ಇದು ಕೆಲಸ ಮಾಡಾಂಗಿಲ್ಲ, ಕೊಟ್ಟಬಿಡ್ತೀನಿ."

"ನಾನೂ ಈಗ ಭಾಳ ಕೆಲಸ ಮಾಡಾಂಗಿಲ್ಲವಾ. ಅದರ ಜೋಡಿ ನನ್ನೂ ತಕ್ಕಡಿಗಿ ಹಾಕು."

ಡಬ್ಬಿ ಉಳಿಯಿತು. ಮಗಳಿಗೆ ಮನಸ್ಸು ಕರಗಿ, ಹಾಡು ಬೇಕಾದರೆ ಮೊಬೈಲಿನಲ್ಲಿ ಇಡೀ ಜಗತ್ತೇ ಇದೆ ಎಂದು ಹುಡುಕಲು ಕುಳಿತಳು. ಸಾಫ್ಟ್ ರಾಕಿನ ಗಂಡಸರನ್ನೆಲ್ಲ ಒಬ್ಬೊಬ್ಬರನ್ನಾಗಿ, ಕನ್ಯೆಗೆ ವರ ತೋರಿಸಿದ ಹಾಗೆ ನನ್ನ ಮುಂದೆ ಹಾಯಿಸಿದಳು. ಇವನಲ್ಲ. ಇವನೂ ಅಲ್ಲ, ಇವನಿಗೆ ಹೊಟ್ಟೆ ತುಂಬಿದೆ. ಇವನ ಹೆಂಡತಿ ಮನೆಯಲ್ಲೇ ಇದ್ದಾಳೆ. ಬೇಕಾದರೆ ನೀನೇ ಗುನುಗು, ಅದು ಗುರುತು ಹಿಡಿಯುತ್ತದೆ ಎಂದಳು. ಗುನುಗಿದೆ. ಮೊಬೈಲು ಸ್ವಲ್ಪ ಹೊತ್ತು ಗಿರಗಿರ ತಿರುಗಿ ಶರಣಾಯಿತು.

"ಅವ್ವಾ, ಅಂಥಾ ಹಾಡ ಎಲ್ಲೂ ಇಲ್ಲ. ನೀ ಕನಸಿನ್ಯಾಗ ಕೇಳಿರಬೇಕು" ಎಂದಳು.

ಅವಳು ಸಿಟ್ಟಿನಿಂದ ಹೇಳಲಿಲ್ಲ. ಆದರೂ ಆ ಮಾತು ನನ್ನ ಎದೆಯಲ್ಲಿ ಕುಳಿತುಬಿಟ್ಟಿತು. ಹಿಮಾಯತ್‌ನಗರದ ಆ ಕೋಣೆ ಕೆಡವಿ ಅಂಗಡಿ ಕಟ್ಟಿದ್ದಾರೆ. ಸೈಕಲ್ಲು ಇಲ್ಲ, ಸವಾರರು ಇಲ್ಲ. ಹಾಡೂ ಇರಲಿಲ್ಲ ಎಂದರೆ, ನಾನು ಅಲ್ಲಿ ನಿಂತಿದ್ದೆನೆಂಬುದಕ್ಕೆ ಏನು ಗುರುತು? ಒಂದೇ ಒಂದು ಸಲ ಅದನ್ನು ಕೇಳಿ ಸಾಯಬೇಕೆಂದು ಹಟ ಹಿಡಿದೆ. ಸಾಯುವ ಮಾತಿಗೆ ಹೆದರುವ ಚೇತನಕುಮಾರ ನನ್ನನ್ನೂ ಡಬ್ಬಿಯನ್ನೂ ಅಬಿಡ್ಸಿಗೆ ಕರೆದೊಯ್ದು, ಹಳೆಯ ರೇಡಿಯೋ ರಿಪೇರಿ ಮಾಡುವವನ ಕೈಗೊಪ್ಪಿಸಿದರು.

ವಾರದ ಮೇಲೆ ತರಲು ಹೋದಾಗ ಅವನು ತನ್ನ ಹೈದರಾಬಾದಿ ಹಿಂದಿಯಲ್ಲಿ ಏನೋ ವಿವರಿಸಿ, ತೆಗೆದ ಹಳೆಯ ಪಾರ್ಟು ಎಂದು ಸಣ್ಣ ಪೇಪರ್ ಪೊಟ್ಟಣ ಕೊಟ್ಟ. ಕೇಳುವ ವ್ಯವಧಾನ ಯಾರಿಗಿತ್ತು? ಪೊಟ್ಟಣ ಚೀಲಕ್ಕೆ ಎಸೆದು ಮನೆಗೆ ಬಂದೆ. ಸ್ನಾನ ಮಾಡಿದೆ, ವಿಭೂತಿ ಹಚ್ಚಿಕೊಂಡೆ. ಹಿಟ್ಟು ನಾದಿಟ್ಟುಕೊಂಡು, ಪಕ್ಕದಲ್ಲಿ ಡಬ್ಬಿ ಇಟ್ಟು, ಬಟನ್ ಒತ್ತಿದೆ.

ಬಸ್ಸು ತಪ್ಪಿಸಿಕೊಂಡವಳು ಓಡೋಡಿ ಬಂದಳು.

ಶಿವದೇವಿ ಆಜ್ಞೆ ಮೀರಿ ಕೆಳಗೆ ಹಾಡು ಹಚ್ಚಿದ್ದಾಳೆ ಎಂದುಕೊಂಡು ಬಾಲ್ಕನಿಗೆ ಹೋಗಿ ಬೈಯಲು ಬಾಯಿ ತೆಗೆದೆ. ಕೆಳಗೆ ಹಾಲ್‌ಗೆ ಬೀಗ. ಶಬ್ದ ನನ್ನ ಬೆನ್ನ ಹಿಂದಿನಿಂದ, ನನ್ನ ಅಡುಗೆಮನೆಯಿಂದಲೇ ಬರುತ್ತಿತ್ತು. ಆರಿಸಿ ಮತ್ತೆ ಹಚ್ಚಿದರೆ ಮತ್ತೆ ಅವಳೇ. ಕೈ ತಾನಾಗಿ ರೊಟ್ಟಿ ಬಡಿಯತೊಡಗಿತು. ಹರಿಯಿತು.

ರೇಣುಕಾಳಿಂದ ಫೋನ್ ಹಚ್ಚಿಸಿ, ನನಗೆ ಬರುವಷ್ಟು ಹಿಂದಿಯಲ್ಲಿ ಮೆಕ್ಯಾನಿಕ್ಕನಿಗೆ ಹಿಗ್ಗಾಮುಗ್ಗಾ ಬೈದೆ. ನನ್ನ ಗಂಡಸನ್ನು ಎಲ್ಲಿಟ್ಟೆ, ಈ ಹೆಂಗಸು ಯಾರು ಎಂದು ಕೇಳಿದೆ. (ಪಾಪ, ಅವನು ಮೊದಲು ರಾಂಗ್ ನಂಬರ್ ಎಂದ.) ಆಮೇಲೆ ಸಮಾಧಾನದಿಂದ ಹೇಳಿದ. ಅದರೊಳಗೆ ಟೇಪನ್ನು ತಿರುಗಿಸುವ ಕಂಪನಿಯ ಬೆಲ್ಟೇ ಇರಲಿಲ್ಲವಂತೆ. ಯಾರೋ ಸೈಕಲ್ ಟ್ಯೂಬನ್ನು ಬಳೆಯ ಹಾಗೆ ಕತ್ತರಿಸಿ ಹಾಕಿದ್ದರಂತೆ. ಅದು ಸಡಿಲ, ಹಾಗಾಗಿ ಟೇಪು ಕುಂಟುತ್ತ ಓಡುತ್ತಿತ್ತು. ಟೇಪು ನಿಧಾನವಾದರೆ ಹಾಡು ನಿಧಾನ, ಹೆಣ್ಣು ದನಿ ಗಂಡು ದನಿ. ಈಗ ಹೊಸ ಬೆಲ್ಟು ಬಿದ್ದಿದೆ, ಹಾಡು ಇರಬೇಕಾದ ಹಾಗಿದೆ.

ಪೊಟ್ಟಣ ಬಿಚ್ಚಿದೆ. ಒಣಗಿ ಎರಡು ತುಂಡಾದ ಕಪ್ಪು ರಬ್ಬರು. ಅಂಚು ಮಾತ್ರ ನೂಲು ಹಿಡಿದಂತೆ ನೇರ. ಅಷ್ಟು ನೇರವಾಗಿ ಕತ್ತರಿಸುವ ಒಂದೇ ಕೈ ನನಗೆ ಗೊತ್ತು.

ಅಂದರೆ ನಾನು ತವರಿನಲ್ಲಿದ್ದಾಗಲೇ ಬೆಲ್ಟು ಹರಿದಿದ್ದಾರೆ. ತಮ್ಮ ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ ಕೂರಿಸಿ, ಹೆಂಡತಿಗೆ ಸುಳಿವು ಕೊಡದೆ ಗೋಡೆ ನೋಡಿದ್ದಾರೆ. ವಚನದವಳ ನೆಗಡಿಯ ಮೂಲ ಈಗ ತಿಳಿಯಿತು. ನಾನು ಪಾಪ ಪಾಪ ಎಂದು ಮರುಗಿದ ಆ ಗಂಡಸು ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ. ಅವನನ್ನು ನಮ್ಮ ಮನೆಯವರು ಕತ್ತರಿಯಿಂದ ಮಾಡಿದ್ದರು. ಮೊಬೈಲಿನಲ್ಲಿ ಅವನು ಹೇಗೆ ಸಿಕ್ಕಾನು? ಆ ಹಾಡನ್ನು ಜಗತ್ತಿನಲ್ಲಿ ಕೇಳಿದವರು ಇಬ್ಬರೇ. (ಕೂಸು ಲೆಕ್ಕಕ್ಕಿಲ್ಲ, ಮಲಗಿರುತ್ತಿತ್ತು.) ಆ ಇಬ್ಬರಲ್ಲಿ ಈಗ ಉಳಿದವಳು ನಾನೊಬ್ಬಳು.

ಬೈಯೋಣವೆಂದರೆ ಎದುರಿಗಿಲ್ಲ. ಹಿಟ್ಟಿನ ಕೈಯಲ್ಲೇ ಕುಳಿತಿದ್ದೆ. ಓಡುವವಳು ಓಡುತ್ತಲೇ ಇದ್ದಳು. ಅಷ್ಟರಲ್ಲಿ ಬೆಲ್ ಆಯಿತು. ಬಾಗಿಲಲ್ಲಿ ಶಿವದೇವಿ.

"ಬಂಡೆಮ್ಮಾರ, ಬಿ.ಪಿ. ಹೆಂಗೈತ್ರಿ?"

"ಚಲೋ ಐತ್ರಿ."

"ಧ್ಯಾನ ಮಾಡಾಕತ್ತಿದ್ರೇನು? ಕೆಳಗಿನ ತನಕ ಕೇಳಸಾಕತ್ತೈತಿ."

ಅಂಗೈ ಬಿಚ್ಚಿ ರಬ್ಬರಿನ ತುಂಡು ತೋರಿಸಿದೆ. ಆಮೇಲೆ ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ: ಕೋಣೆ, ಉಪ್ಪುನೀರು, ನೆಗಡಿ. ಅವಳು ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿದಳು.

"ನಮ್ಮನಿಯವ್ರು ಏನರ ಮುರದ್ರ ನನ್ನ ಮ್ಯಾಲೆ ಹಾಕತಿದ್ರು. ನಿಮ್ಮವ್ರು ಚಲೋ, ಮುರದದ್ದ ಹಾಡಿಸ್ಯಾರ" ಎಂದಳು. ಮೆಟ್ಟಿಲಿಳಿಯುತ್ತ ತಿರುಗಿ, "ಮಂಗಳವಾರ ಬರ್ರಿ, ಆ ಹಾಡ ಹಾಕ್ತೀನಿ. ಅಮರೇಶಪ್ಪಾರಿಗೆ ಮಾತ್ರ ನೀವ ಹೇಳಬೇಕು ನೋಡ್ರಿ" ಎಂದಳು.

ಸೆಕ್ರೆಟರಿಯ ಮನೆಗೆ ಹೋದೆ. ನಾನೇ ಹಾಕಿಸಿದ ಬೀಗವನ್ನು ನಾನೇ ತೆಗೆಸಬೇಕೆಂದರೆ ಹೇಗಾಗಿರಬೇಡ. ಅಮರೇಶಪ್ಪನವರು ಎಲ್ಲ ಕೇಳಿ, "ಹಂಗಾರ ಆ ರೊಟ್ಟಿ?" ಎಂದರು.

"ಹಿಟ್ಟು ಹಳೇದಿತ್ರಿ."

ಅವರ ಎರಡನೆಯ ತೀರ್ಪು ಹೀಗಿತ್ತು: ಹಾಡು ಚಾಲೂ ಆಗಲಿ, ಇನ್ನೊಮ್ಮೆ ತಕರಾರು ಬಾರದ ಹಾಗೆ ದೂರು ಕೊಟ್ಟವರೇ ಮೊದಲ ಸಾಲಿನಲ್ಲಿ ನಿಂತು ಕುಣಿಯಲಿ.

ಮಂಗಳವಾರ ಸೀರೆ ಎತ್ತಿ ಕಟ್ಟಿ, ರೇಣುಕಾಳ ಕ್ಯಾನ್ವಾಸ್ ಬೂಟಿನಲ್ಲಿ ಕಾಲು ತುರುಕಿ ಮೊದಲ ಸಾಲಿನಲ್ಲಿ ನಿಂತೆ. ಡೋಲು ಶುರುವಾಯಿತು, ಓಡುವವಳು ಓಡಿದಳು, ಎಲ್ಲರ ಕೈಕಾಲು ಅವಳ ಹಿಂದೆ ಓಡಿದವು. ನಾನು ಕಣ್ಣು ಮುಚ್ಚಿದೆ. ಆ ಢಬ್ ಢಬ್‌ಗಳ ನಡುವೆ ಒಂದನ್ನು ಬಿಟ್ಟು ಒಂದನ್ನು ಹಿಡಿದೆ. ಬಿಸಿನೀರಿನ ಹಬೆ ಬಂದ ಹಾಗಾಯಿತು. ಈ ಕಾಲಿನಿಂದ ಆ ಕಾಲಿಗೆ, ಆ ಕಾಲಿನಿಂದ ಈ ಕಾಲಿಗೆ, ಬಸ್ಸಿನಲ್ಲಿ ಸೀಟು ಸಿಗದವಳ ಹಾಗೆ ಓಲಾಡಿದೆ.

"ಬಂಡೆಮ್ಮಾರ, ಹಾಡ ಮುಗೀತ್ರಿ" ಎಂದು ಶಿವದೇವಿಯ ದನಿ ಕೇಳಿಸಿತು.

"ನಂದ ಇನ್ನೂ ಅರ್ಧ ಉಳದೈತ್ರಿ" ಎಂದೆ.

ಕಣ್ಣು ಬಿಟ್ಟು ತಿರುಗಿ ನೋಡಿದರೆ, ನನ್ನ ಬೆನ್ನ ಹಿಂದಿದ್ದವರೆಲ್ಲ ಮೊಣಕಾಲಿಗೆ ಇದೇ ಹಿತವೆಂದು ನನ್ನ ಹಾಗೆಯೇ ಓಲಾಡುತ್ತ ನಿಂತಿದ್ದರು. ಇಡೀ ಡಿಸ್ಕೊ ಕ್ಲಾಸು ಸಿಟಿ ಬಸ್ಸಾಗಿತ್ತು. ಶಿವದೇವಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ದಿಟ್ಟಿಸಿದಳು. ಮೊದಲ ಸಾಲಿಗೆ ಬಂದು ಒಂದೇ ಹಾಡು ಕಳೆದಿತ್ತು, ಅಷ್ಟರಲ್ಲೇ ನನ್ನನ್ನು ಎಲ್ಲರ ಕಣ್ಣಿಂದ ದೂರ, ಕಟ್ಟಕಡೆಯ ಸಾಲಿಗೆ ಅಟ್ಟಿದಳು.

ಈಗ ಪ್ರತಿ ಮಂಗಳವಾರ ಅಲ್ಲೇ ನಿಲ್ಲುತ್ತೇನೆ. ಎದುರಿಗೆ ಬರೇ ಬೆನ್ನುಗಳು, ಪಕ್ಕದಲ್ಲಿ ಗೋಡೆ, ಹಿಂದೆ ಮಡಚಿಟ್ಟ ಕುರ್ಚಿಗಳ ರಾಶಿ. ನಡುವೆ ಇಬ್ಬರು ನಿಲ್ಲುವಷ್ಟು ಜಾಗ ಇದೆ.